ಉಪ್ಪು ಹಾಕದ ಅನ್ನ

ಅನ್ನಕ್ಕೆ ಇಡುವಾಗ ಎಸರಿಗೆ ಉಪ್ಪು ಹಾಕಬೇಕೋ ಬೇಡವೋ? ಹೆಚ್ಚೆಂದರೆ ಇದು ಅತ್ತೆ ಸೊಸೆ ನಡುವಿನ ಪ್ರಶ್ನೆ. ಆದರೆ 1736ರ ಏಪ್ರಿಲ್ 14ರಂದು ಗೋವೆಯಲ್ಲಿ ಇದು ಕೋರ್ಟಿನ ಪ್ರಶ್ನೆಯಾಯಿತು. ಇನ್‌ಕ್ವಿಸಿಷನ್ ಅಂತ ಹೆಸರಿದ್ದ ಪೋರ್ಚುಗೀಸರ ಧರ್ಮವಿಚಾರಣೆಯ ಕೋರ್ಟು ಆವತ್ತು ಒಂದು ಉದ್ದನೆಯ ಆಜ್ಞೆ ಹೊರಡಿಸಿತು. ಊರಿನ ಕ್ರೈಸ್ತರು ಏನೇನು ಮಾಡಕೂಡದು ಅನ್ನೋ ಪಟ್ಟಿ ಅದು. ಅದರಲ್ಲಿ ಒಂದು ಕಲಂ: ಉಪ್ಪಿಲ್ಲದೆ ಅನ್ನ ಬೇಯಿಸಿ, ಆಮೇಲೆ ಬೇಕಾದಷ್ಟು ಉಪ್ಪು ಸೇರಿಸಿಕೊಳ್ಳುವುದು ಹಿಂದೂಗಳ ರೂಢಿ, ಕ್ರೈಸ್ತರು ಹಾಗೆ ಮಾಡುವಂತಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ನಗು ಬಂತು. ನಾನು ಪಾವಗಡ ತಾಲ್ಲೂಕಿನ ಹಳ್ಳಿಯವನು. ನಮ್ಮ ಮನೆಯಲ್ಲಿ ಅನ್ನಕ್ಕೂ ಉಪ್ಪಿಲ್ಲ, ಮುದ್ದೆಗೂ ಉಪ್ಪಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಸಾರಿನ ಜವಾಬ್ದಾರಿ. ಆ ಕಾಯ್ದೆ ನಮ್ಮ ಕಡೆಗೂ ಬಂದಿದ್ದರೆ ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆ ನಾಲ್ಕೂ ತಾಲ್ಲೂಕಿನ ಅವ್ವಂದಿರು ಒಂದೇ ದಿನ ಒಳಗೆ ಹೋಗಬೇಕಿತ್ತು. ಆಮೇಲೆ ಪೂರ್ತಿ ಪಟ್ಟಿ ಓದಿದೆ. ನಗು ನಿಂತುಹೋಯಿತು.

ಯಾಕೆ ಅಂದ್ರೆ ಈ ಆಜ್ಞೆ ನೆನ್ನೆ ಮೊನ್ನೆ ಮತಾಂತರ ಆದವರಿಗಾಗಿ ಬಂದದ್ದಲ್ಲ. ಗೋವೆಯಲ್ಲಿ ಇನ್‌ಕ್ವಿಸಿಷನ್ ಶುರುವಾಗಿದ್ದು 1560ರಲ್ಲಿ. ಅಂದರೆ ಈ ಪಟ್ಟಿ ಬರೋ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಆರೇಳು ತಲೆಮಾರು ಕ್ರೈಸ್ತರಾಗಿಯೇ ಹುಟ್ಟಿ, ಕ್ರೈಸ್ತರಾಗಿಯೇ ಮಣ್ಣಾಗಿದ್ದರು. ಭಾನುವಾರ ತಪ್ಪದೆ ಇಗರ್ಜಿಗೆ ಹೋಗುತ್ತಿದ್ದರು, ಮಕ್ಕಳಿಗೆ ದೀಕ್ಷಾಸ್ನಾನ ಕೊಡಿಸುತ್ತಿದ್ದರು. ಅವರ ನಂಬಿಕೆಯ ಬಗ್ಗೆ ಕೋರ್ಟಿಗೆ ಹೇಳಲು ಹೆಚ್ಚೇನಿರಲಿಲ್ಲ. ಅದರ ತಕರಾರೆಲ್ಲ ಇದ್ದದ್ದು ಅಡುಗೆಮನೆ, ಹಿತ್ತಲು, ಬಾಣಂತಿ ಕೋಣೆ ಮತ್ತು ಮದುವೆ ಚಪ್ಪರದ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆ ಮನೆಗಳ ತಾಯಂದಿರ ಬಗ್ಗೆ.

ಪಟ್ಟಿ ನೋಡಿ. ಮದುವೆಗೆ ಮುಂಚೆ ಹುಡುಗ ಹುಡುಗಿಗೆ ಅರಿಶಿನ, ಹಾಲು, ತೆಂಗಿನೆಣ್ಣೆ, ಅಕ್ಕಿಹಿಟ್ಟು ಹಚ್ಚುವ ಹಾಗಿಲ್ಲ. ನೆಂಟರ ಹೆಂಗಸರು ಸೇರಿ ಓವಿ ಹಾಡುವ ಹಾಗಿಲ್ಲ. ಬೀಗರ ಮನೆಗೆ ಎಲೆ ಅಡಿಕೆ, ಹೂವು ಕಳಿಸುವ ಹಾಗಿಲ್ಲ. ಮಗು ಹುಟ್ಟಿದ ಆರನೇ ರಾತ್ರಿ ಜಾಗರಣೆ ಕೂರುವ ಹಾಗಿಲ್ಲ. ಸತ್ತವರ ಜಾಗವನ್ನು ಸಗಣಿಯಲ್ಲಿ ಸಾರಿಸುವ ಹಾಗಿಲ್ಲ. ಏಕಾದಶಿ, ಹುಣ್ಣಿಮೆ, ಅಮಾವಾಸ್ಯೆ ಅಂತ ಉಪವಾಸ ಇರುವ ಹಾಗಿಲ್ಲ. ಹಿತ್ತಲಲ್ಲಿ ತುಳಸಿ ಇದ್ದರೆ ಕಿತ್ತು ಹಾಕಬೇಕು. ಗಂಡಸರು ಪಂಚೆ ಉಡಬಾರದು, ಹೆಂಗಸರು ಚೋಳಿ ತೊಡಬಾರದು.

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸದಲ್ಲಿ ಸರ್ವರ್ ಲಾಗ್ ಓದೋದು ದಿನನಿತ್ಯದ ಕರ್ಮ. ಲಾಗ್ ಬರೆಯೋದು ಯಂತ್ರ. ಅದಕ್ಕೆ ಯಾರ ಕಷ್ಟಸುಖವೂ ಬೇಕಿಲ್ಲ, ಏನು ತಡೆದೆ, ಎಲ್ಲಿ ತಡೆದೆ ಅಂತ ಗೀಚಿಡುತ್ತೆ ಅಷ್ಟೆ. ಆದರೆ ಅಂಥ ಸಾವಿರ ಸಾಲು ಓದಿದರೆ ಆಚೆ ಬದಿಯಲ್ಲಿ ಕೂತಿದ್ದ ಮನುಷ್ಯ ಇಡೀ ದಿನ ಏನು ಮಾಡುತ್ತಿದ್ದ ಅನ್ನೋದು ಗೊತ್ತಾಗಿಬಿಡುತ್ತೆ. 1736ರ ಆಜ್ಞೆಯೂ ಹಾಗೇ. ಗೋವೆಯ ಕ್ಯಾಥೊಲಿಕ್ ತಾಯಿ ಬೆಳಗ್ಗೆ ಏನು ಉಡುತ್ತಿದ್ದಳು, ಒಲೆ ಮೇಲೆ ಏನಿಡುತ್ತಿದ್ದಳು, ಮಗಳನ್ನು ಹೇಗೆ ಕಳಿಸಿಕೊಡುತ್ತಿದ್ದಳು, ಮೊಮ್ಮಗು ಹುಟ್ಟಿದ ಆರನೇ ರಾತ್ರಿ ಯಾಕೆ ನಿದ್ದೆಗೆಡುತ್ತಿದ್ದಳು, ಎಲ್ಲ ಅದರಲ್ಲಿದೆ. ಪಟ್ಟಿ ಬರೆದವರು ಪಾದ್ರಿಗಳು, ಬಹುಶಃ ಜೀವಮಾನದಲ್ಲಿ ಒಂದು ಸೇರು ಅನ್ನ ಬಸಿದವರಲ್ಲ. ಆದರೂ ಇವರಿಗಿಂತ ವಿವರವಾಗಿ ಆ ಹೆಂಗಸರ ದಿನಚರಿಯನ್ನು ಬೇರೆ ಯಾರೂ ಬರೆದಿಡಲಿಲ್ಲ. ಹೀಗೇ ಬದುಕುತ್ತಿದ್ದರು ಅನ್ನೋದು ನಮಗೆ ಗೊತ್ತಾಗುವುದು, ಹೀಗೆ ಬದುಕಬೇಡಿ ಅಂತ ಒಬ್ಬರು ಹೇಳಿದ್ದರಿಂದ.

ಇನ್ನೊಂದು ಮಾತು. 1812ರಲ್ಲಿ ಆ ಕೋರ್ಟನ್ನು ಕೊನೆಗೂ ಮುಚ್ಚಿದಾಗ ಅದರ ಕಡತಗಳನ್ನು ಸುಟ್ಟರು. ಯಾವ ಮನೆಯ ಯಾವ ಹೆಂಗಸಿಗೆ ಏನು ಶಿಕ್ಷೆಯಾಯಿತು ಅನ್ನುವುದರ ಬಹುಪಾಲು ಬೂದಿಯಾಯಿತು. ಆಜ್ಞೆ ಉಳಿಯಿತು. ಗೋವೆಯ ವಿದ್ವಾಂಸ ಎ. ಕೆ. ಪ್ರಿಯೋಳ್ಕರ್ 1961ರಲ್ಲಿ ಇನ್‌ಕ್ವಿಸಿಷನ್ ಬಗ್ಗೆ ಪುಸ್ತಕ ಬರೆದಾಗ ಅದನ್ನು ಸೇರಿಸಿದರು. ಇವತ್ತು ನಮಗೆ ಸಿಗೋದು ಆ ದಾರಿಯಿಂದ.

ಇಲ್ಲಿ ಒಂದು ಪ್ರಾಕ್ಟಿಕಲ್ ಪ್ರಶ್ನೆ ಏಳುತ್ತೆ. ಎಸರಿಗೆ ಉಪ್ಪು ಬಿತ್ತೋ ಇಲ್ಲವೋ ಅಂತ ಕೋರ್ಟಿಗೆ ಹೇಗೆ ಗೊತ್ತಾಗಬೇಕು? ಅಡುಗೆಮನೆ ಒಳಗಿದ್ದವರು ಹೇಳಿದರೆ ಮಾತ್ರ. ಕೆಲಸದವಳು, ಪಕ್ಕದ ಮನೆಯವಳು, ಮುನಿಸಿಕೊಂಡ ನಾದಿನಿ. ಇನ್‌ಕ್ವಿಸಿಷನ್ ನಡೆಯುತ್ತಿದ್ದದ್ದೇ ದೂರಿನ ಮೇಲೆ. ದೂರು ಕೊಟ್ಟವರ ಹೆಸರು ಆರೋಪಿಗೆ ಹೇಳುತ್ತಿರಲಿಲ್ಲ. ನನಗೆ ಉಪ್ಪಿನ ಕಲಮಿನಲ್ಲಿ ಭಯ ಹುಟ್ಟಿಸುವುದು ಇದು. ತುಳಸಿ ಗಿಡ ಬೀದಿಯಿಂದ ಕಾಣುತ್ತೆ, ಓವಿ ಬೀದಿಗೆ ಕೇಳುತ್ತೆ. ಉಪ್ಪು ಮಾತ್ರ ಮನೆಯವರಿಗಷ್ಟೇ ಗೊತ್ತು. ಅದನ್ನೂ ಅಪರಾಧ ಮಾಡಿದ ಮೇಲೆ, ಮನೆಗೆ ಬಂದವರು ಯಾರೇ ಆಗಲಿ, ಅನ್ನ ಬಡಿಸುವ ಮುಂಚೆ ಒಂದು ಕ್ಷಣ ಅವರ ಮುಖ ನೋಡಬೇಕಾಗುತ್ತೆ.

ಈ ಪಟ್ಟಿ ಬರುವ ಹೊತ್ತಿಗೆ ಸಾವಿರಾರು ಮನೆಗಳು ಗೋವೆ ಬಿಟ್ಟು ದಕ್ಷಿಣಕ್ಕೆ, ಕೆನರಾ ಕರಾವಳಿಗೆ ಬಂದಾಗಿತ್ತು. ಕಾರಣ ಇನ್‌ಕ್ವಿಸಿಷನ್ ಒಂದೇ ಅಲ್ಲ. ಬರ, ತೆರಿಗೆ, ಬಿಜಾಪುರದವರ ದಾಳಿ, ಆಮೇಲೆ ಮರಾಠರ ದಾಳಿ, ಎಲ್ಲ ಸೇರಿತ್ತು. ಕೆಳದಿ ನಾಯಕರಿಗೆ ಗದ್ದೆ ಮಾಡೋರು ಬೇಕಿದ್ದರು, ಇವರಿಗೆ ನೆಲ ಬೇಕಿತ್ತು. ಹಾಗೆ ಬಂದವರ ಮಕ್ಕಳು ಮೊಮ್ಮಕ್ಕಳೇ ಮಂಗಳೂರು ಕಡೆಯ ಕೊಂಕಣಿ ಕ್ಯಾಥೊಲಿಕರು. ಬರುವಾಗ ಶಿಲುಬೆ, ಜಪಸರದ ಜೊತೆಗೆ ಅರಿಶಿನ, ತೆಂಗಿನಕಾಯಿ ರಸ, ಓವಿ ಎಲ್ಲವನ್ನೂ ತಂದರು. ಗಂಟುಮೂಟೆಯಲ್ಲಿ ಏನಿರಬೇಕು ಅಂತ ತೀರ್ಮಾನಿಸಿದ್ದು ಯಾರಿರಬಹುದು ಅಂತ ಬೇರೆ ಹೇಳಬೇಕಾ?

ಕೆಲವು ವರ್ಷದ ಹಿಂದೆ ನಮ್ಮ ಟೀಮಿನ ಗೆಳೆಯನೊಬ್ಬನ ಮದುವೆಗೆ ಬಂಟ್ವಾಳದ ಕಡೆ ಹೋಗಿದ್ದೆ. ಹಿಂದಿನ ಸಂಜೆ ಅವರ ಮನೆ ಅಂಗಳದಲ್ಲಿ 'ರೋಸ್'. ರೋಸ್ ಅಂದರೆ ಗುಲಾಬಿ ಅಲ್ಲ, ತೆಂಗಿನಕಾಯಿ ರಸ. ನಮ್ಮ 'ರಸ'ದ ಅಣ್ಣತಮ್ಮ. ಗೆಳೆಯನನ್ನು ಹಳೇ ಬಟ್ಟೆಯಲ್ಲಿ ಕೂರಿಸಿ ಅಪ್ಪ ಅಮ್ಮ ಮೊದಲು ಹಣೆಗೆ ತೆಂಗಿನೆಣ್ಣೆಯಲ್ಲಿ ಶಿಲುಬೆ ಗುರುತು ಹಾಕಿದರು. ಆಮೇಲೆ ನೆಂಟರೆಲ್ಲ ಸರದಿಯಲ್ಲಿ ತೆಂಗಿನ ಹಾಲು ಸುರಿದು, ತಲೆ ಉಜ್ಜಿ, ಕೊನೆಗೆ ಯಾರೋ ಮೊಟ್ಟೆ ಒಡೆದು ರಂಪ ಮಾಡಿದರು. ವಯಸ್ಸಾದ ಹೆಂಗಸೊಬ್ಬರು 'ವೊವಿಯೊ' ಎತ್ತಿದರು, ಉಳಿದವರು ಹಿಂದೆ ಹಾಡಿದರು. ಹಾಡಿಗೂ ಹಾಡಿಗೂ ನಡುವೆ ತಮಾಷೆ, ಬೀಗರ ಮೇಲೆ ಚುಚ್ಚುಮಾತು. ನಮ್ಮೂರಲ್ಲಿ ಅರಿಶಿನದ ದಿನ ಅಮ್ಮ ಮತ್ತು ಅವಳ ಅಕ್ಕಂದಿರು ಹಾಡೋದು ತೆಲುಗಿನಲ್ಲಿ. ಮೂರು ಕಡೆ ಆಂಧ್ರ ಇರುವ ತಾಲ್ಲೂಕು ನಮ್ಮದು, ಜಗಳ ಕನ್ನಡದಲ್ಲಿ ಆಡಿ ಹಾಡು ತೆಲುಗಿನಲ್ಲಿ ಹಾಡುವ ಮನೆಗಳಿವೆ. ಅಲ್ಲಿ ಭಾಷೆ ಕೊಂಕಣಿ, ಇಲ್ಲಿ ತೆಲುಗು. ಬೀಗರನ್ನು ಬೈಯುವ ವರಸೆ ಮಾತ್ರ ಥೇಟ್ ಒಂದೇ.

1736ರ ಪಟ್ಟಿ ನನಗೆ ಆಗಲೇ ಗೊತ್ತಿತ್ತು. ಹಾಗಾಗಿ ಮಾರನೇ ದಿನ ಗೆಳೆಯನ ಅಮ್ಮನ ಹತ್ತಿರ ಸುಮ್ಮನೆ ಕೇಳಿದೆ, 'ಆಂಟಿ, ನೀವು ಅನ್ನ ಮಾಡುವಾಗ ಉಪ್ಪು ಹಾಕ್ತೀರಾ?' ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. 'ಅನ್ನಕ್ಕೆ ಯಾರು ಉಪ್ಪು ಹಾಕ್ತಾರೆ ಮಾರಾಯ? ಗಂಜಿಗೆ ಬೇಕಿದ್ರೆ ಹಾಕಿಕೊಳ್ಳುವುದು, ಅದೂ ಬಟ್ಟಲಿಗೆ ಹಾಕಿದ ಮೇಲೆ.' ಕಾಯ್ದೆ ಯಾವ ಮಾತಿನಲ್ಲಿ ಬೇಡ ಅಂದಿತ್ತೋ ಹೆಚ್ಚುಕಡಿಮೆ ಅದೇ ಮಾತಿನಲ್ಲಿ ಉತ್ತರ ಬಂತು. ಅವರಿಗೆ ಪಟ್ಟಿಯ ಕಥೆ ಹೇಳಿದೆ. 'ಅವರಿಗೆ ಬೇರೆ ಕೆಲಸ ಇರ್ಲಿಲ್ವಾ?' ಅಂದು ಸೌಟು ಎತ್ತಿಕೊಂಡು ಒಳಗೆ ಹೋದರು.

ಕರಾವಳಿಗೆ ಬಂದ ಮೇಲೂ ನೆಮ್ಮದಿ ಸಿಗಲಿಲ್ಲ. 1784ರಲ್ಲಿ, ಇಂಗ್ಲಿಷರ ಜೊತೆಗಿನ ಎರಡನೇ ಯುದ್ಧ ಮುಗಿಯುವ ಹೊತ್ತಿಗೆ, ಶತ್ರುಗಳಿಗೆ ಸಹಾಯ ಮಾಡಿದರು ಅನ್ನೋ ಆರೋಪದ ಮೇಲೆ ಟಿಪ್ಪು ಸುಲ್ತಾನ್ ಕೆನರಾದ ಕ್ಯಾಥೊಲಿಕರನ್ನು ಸಂಸಾರ ಸಮೇತ ಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಜನ ಅನ್ನೋದಕ್ಕೆ 30,000ದಿಂದ 80,000ದವರೆಗೆ ಬೇರೆ ಬೇರೆ ಲೆಕ್ಕಗಳಿವೆ. ಪಾದ್ರಿಗಳನ್ನು ಗೋವೆಗೆ ಓಡಿಸಲಾಯಿತು. 27 ಇಗರ್ಜಿಗಳು ನೆಲಸಮವಾದವು ಅನ್ನುತ್ತಾರೆ. ಮೂಡುಬಿದಿರೆಯ ಚೌಟ ಅರಸರ ಆಶ್ರಯದಲ್ಲಿ ಅಲ್ಲಿನ ಹೊಸಬೆಟ್ಟಿನ ಇಗರ್ಜಿ ಉಳಿಯಿತು. ಟಿಪ್ಪು ಬಗ್ಗೆ ಜಗಳ ಆಡೋಕೆ ನಿಮಗೆ ಬೇಕಾದಷ್ಟು ಜಾಗ ಇದೆ, ಇಲ್ಲಿ ಬೇಡ. ನನಗೆ ಕುತೂಹಲ ಇರೋದು ಆ ಹದಿನೈದು ವರ್ಷದ ಸೆರೆಯಲ್ಲಿ ಮನೆ ಅನ್ನೋದು ಹೇಗೆ ನಡೆಯಿತು ಅನ್ನುವುದರ ಬಗ್ಗೆ.

ಕ್ಯಾಥೊಲಿಕರ ಬದುಕಿನಲ್ಲಿ ಹುಟ್ಟಿನಿಂದ ಸಾವಿನವರೆಗೆ ಪಾದ್ರಿಯ ಕೈ ಇಲ್ಲದ ಶಾಸ್ತ್ರ ಕಡಿಮೆ. ಪೂಜೆ, ಪಾಪನಿವೇದನೆ, ಮದುವೆ, ಕೊನೆಗಾಲದ ಅಭ್ಯಂಗ, ಎಲ್ಲಕ್ಕೂ ಪಾದ್ರಿ ಬೇಕು. ಆದರೆ ಒಂದಕ್ಕೆ ಬೇಡ. ಮಗು ಸಾಯುವ ಸ್ಥಿತಿಯಲ್ಲಿದ್ದರೆ ಯಾರು ಬೇಕಾದರೂ ತಲೆಗೆ ನೀರು ಹೊಯ್ದು ನಿಗದಿಯಾದ ಆ ಒಂದು ವಾಕ್ಯ ಹೇಳಿ ದೀಕ್ಷಾಸ್ನಾನ ಕೊಡಬಹುದು. ಸೂಲಗಿತ್ತಿಯರಿಗೆ ಅದನ್ನು ಸರಿಯಾಗಿ ಕಲಿಸಿಡಬೇಕು ಅಂತ ಚರ್ಚಿನ ಹಳೆಯ ವಿಧಿಪುಸ್ತಕಗಳೇ ಪಾದ್ರಿಗಳಿಗೆ ಹೇಳುತ್ತವೆ. ಹೆಂಗಸರನ್ನು ಬಲಿಪೀಠದ ಹತ್ತಿರಕ್ಕೂ ಬಿಡದ ವ್ಯವಸ್ಥೆ, ಹೆರಿಗೆ ಕೋಣೆಯಲ್ಲಿ ಮಾತ್ರ ಪಾದ್ರಿಯ ಕೆಲಸವನ್ನು ಅವರ ಕೈಗೆ ಕೊಟ್ಟಿತ್ತು. ಪಾದ್ರಿಗಳೇ ಇಲ್ಲದ ಕಾಲಕ್ಕೆ ಕೈಯಲ್ಲಿ ಉಳಿದದ್ದು ಇದು. ಇದರ ಜೊತೆಗೆ ಸಂಜೆಯ 'ತೆರ್ಸ್', ಅಂದರೆ ಜಪಸರ ಪ್ರಾರ್ಥನೆ. ಅದಕ್ಕೆ ಇಗರ್ಜಿ ಬೇಡ, ಪುಸ್ತಕ ಬೇಡ, ಕೊನೆಗೆ ಜಪಸರವೂ ಬೇಡ, ಹತ್ತು ಬೆರಳಿದ್ದರೆ ಸಾಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಬದುಕುಳಿದವರು ಘಟ್ಟ ಇಳಿದು ವಾಪಸಾದಾಗ, ಹದಿನಾಲ್ಕು ವರ್ಷದ ಹುಡುಗ ಇಗರ್ಜಿ ಅನ್ನೋದನ್ನೇ ನೋಡಿರಲಿಲ್ಲ. ಆದರೂ ಅವನು ಕ್ಯಾಥೊಲಿಕನಾಗಿ ವಾಪಸ್ ಬಂದಿದ್ದರೆ, ಪಾಠ ನಡೆದದ್ದು ಎಲ್ಲಿ, ಮೇಷ್ಟ್ರು ಯಾರು ಅನ್ನೋದು ಊಹೆಗೆ ಕಷ್ಟವಲ್ಲ.

ಇವತ್ತಿಗೂ ಮಂಗಳೂರು ಕಡೆಯ ಹಳೇ ಮನೆಗಳಲ್ಲಿ ತೆರ್ಸ್ ಮುಗಿದ ಮೇಲೆ ಮಕ್ಕಳು ದೊಡ್ಡವರ ಹತ್ತಿರ ಹೋಗಿ 'ಬೆಸಾಂವ್' ಕೇಳುತ್ತಾರೆ. ಪೋರ್ಚುಗೀಸಿನಿಂದ ಬಂದ ಪದ, ಆಶೀರ್ವಾದ ಅಂತ ಅರ್ಥ. ನಮ್ಮ ಕಡೆ ಹಬ್ಬದ ದಿನ ಕಾಲಿಗೆ ಬೀಳೋದು ವರ್ಷಕ್ಕೆ ನಾಲ್ಕು ಸಲ ಇದ್ದೀತು. ಅವರದು ದಿನಾ ಸಂಜೆ.

ಈಗ ಘಟ್ಟದ ಮೇಲಕ್ಕೆ, ನಮ್ಮ ಸೀಮೆಗೆ ಬರೋಣ. ಇಲ್ಲಿನ ಕಥೆ ಗೋವೆಗೆ ತಲೆಕೆಳಗು. 17ನೇ ಶತಮಾನದ ನಡುವೆ ಲಿಯೊನಾರ್ಡೊ ಚಿನ್ನಾಮಿ ಅನ್ನೋ ಇಟಲಿಯ ಜೆಸ್ವಿಟ್ ಪಾದ್ರಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ ಶುರು ಮಾಡಿದ. ಇಲ್ಲಿ ಪೋರ್ಚುಗೀಸ್ ಸರ್ಕಾರ ಇರಲಿಲ್ಲ, ಫಿರಂಗಿ ಇರಲಿಲ್ಲ. ಹಾಗಾಗಿ ಕಾವಿ ಉಟ್ಟ, ಸನ್ಯಾಸಿಯ ಹಾಗೆ ಬದುಕಿದ, ಮಾಂಸ ಬಿಟ್ಟ. 18ನೇ ಶತಮಾನದ ಆರಂಭದಲ್ಲಿ ಪಾಂಡಿಚೇರಿಯಿಂದ ಹೊರಟ ಫ್ರೆಂಚ್ ಜೆಸ್ವಿಟ್ಟರು ಚಿಕ್ಕಬಳ್ಳಾಪುರ, ಅನಂತಪುರದ ಸೀಮೆವರೆಗೂ, ಅಂದರೆ ನಮ್ಮ ಪಾವಗಡದ ಆಚೀಚೆಗೆ, ಇದೇ ವೇಷದಲ್ಲಿ ಓಡಾಡಿದರು. ಗೋವೆಯಲ್ಲಿ ಅಡುಗೆಮನೆ ಪಾದ್ರಿಯ ಮಾತು ಕೇಳಬೇಕಿತ್ತು. ಇಲ್ಲಿ ಪಾದ್ರಿಯೇ ಅಡುಗೆಮನೆಯ ಮಾತು ಕೇಳಿದ.

ಇದು ರೋಮಿಗೆ ಸರಿಬರಲಿಲ್ಲ. 1703ರ ಕೊನೆಗೆ ಪೋಪರ ಪ್ರತಿನಿಧಿ ದ ತೂರ್ನೋ ಪಾಂಡಿಚೇರಿಗೆ ಬಂದ. ಚೀನಾಕ್ಕೆ ಹೋಗುವ ದಾರಿಯಲ್ಲಿ ಇಳಿದದ್ದು. ಆರೋಗ್ಯ ಕೈಕೊಟ್ಟಿತ್ತು, ಹಾಗಾಗಿ ಒಳನಾಡಿಗೆ ಕಾಲೇ ಇಡಲಿಲ್ಲ. ಎಂಟು ತಿಂಗಳು ಅಲ್ಲೇ ಇದ್ದು, ಇಬ್ಬರು ಪಾದ್ರಿಗಳನ್ನು ವಿಚಾರಿಸಿ, 1704ರಲ್ಲಿ ಮಧುರೆ, ಮೈಸೂರು, ಕರ್ನಾಟಿಕ್ ಮಿಷನ್ನುಗಳಿಗೆಲ್ಲ ಅನ್ವಯಿಸುವ ಆಜ್ಞೆ ಹೊರಡಿಸಿದ. ಆನ್‌ಸೈಟಿಗೆ ಬರದೆ ರಿಕ್ವೈರ್‌ಮೆಂಟ್ ಬರೆಯುವ ಕ್ಲೈಂಟುಗಳನ್ನು ಕಂಡಿರುವ ನಮಗೆ ಇದು ಹೊಸದೇನಲ್ಲ. ನಲವತ್ತು ವರ್ಷ ವಾದ ವಿವಾದ ನಡೆದು 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಅದನ್ನೇ ಬಹುಪಾಲು ಖಾಯಂ ಮಾಡಿದರು. ಭಾರತಕ್ಕೆ ಬರುವ ಮಿಷನರಿಗಳು ಇದನ್ನು ಪಾಲಿಸುತ್ತೇವೆ ಅಂತ ಪ್ರಮಾಣ ಮಾಡಬೇಕಿತ್ತು. ಆ ಪ್ರಮಾಣವನ್ನು ತೆಗೆದುಹಾಕಿದ್ದು ಯಾವಾಗ ಅಂದುಕೊಂಡಿರಿ? 1940ರಲ್ಲಿ.

ಮತ್ತೆ ಪಟ್ಟಿ ನೋಡಿ, ಮತ್ತೆ ಹೆಂಗಸರೇ. ಪಿಳ್ಳಾರಿಯ ಅಂದರೆ ಗಣಪತಿಯ ರೂಪ ಇರುವ ತಾಳಿ ಕಟ್ಟಕೂಡದು, ಶಿಲುಬೆಯೋ ಯೇಸುವಿನ, ಮಾತೆಯ ರೂಪವೋ ಇರಲಿ. ತಾಳಿಯ ದಾರಕ್ಕೆ ಅರಿಶಿನ ಹಚ್ಚಿದ 108 ಎಳೆ ಬೇಡ. ಮದುವೆಯಲ್ಲಿ ತೆಂಗಿನಕಾಯಿ ಒಡೆಯಬೇಡಿ. ಹುಡುಗಿ ಮೊದಲ ಸಲ ಮೈನೆರೆದರೆ ಊರಿಗೆ ಹೇಳಿ ಸಂಭ್ರಮ ಮಾಡಬೇಡಿ.

ಈ ಕೊನೆಯದರ ಹತ್ತಿರ ನಾನು ಸ್ವಲ್ಪ ತಡೆದೆ. ನಮ್ಮ ಊರುಗಳಲ್ಲಿ ಹುಡುಗಿ ನೆರೆದರೆ ಸೋದರಮಾವ ಸೊಪ್ಪಿನ ಗುಡ್ಲು ಹಾಕಬೇಕು. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ ತಿನ್ನಿಸುತ್ತಾರೆ, ಸಂಜೆ ಸಂಜೆ ಆರತಿ. ನನ್ನ ಅಕ್ಕನಿಗೆ ಮಾಡಿದಾಗ ನನಗೆ ಏಳೆಂಟು ವರ್ಷ, ಚಿಗಳಿ ಮೇಲಷ್ಟೇ ಕಣ್ಣು. ಅಕ್ಕ ಮಾತ್ರ ಇವತ್ತಿಗೂ ಆ ಒಂಬತ್ತು ದಿನ ನೆನೆಸಿಕೊಂಡರೆ ಮುಖ ಸಿಂಡರಿಸುತ್ತಾಳೆ. ಊರಿಗೆಲ್ಲ ಯಾಕೆ ಹೇಳಬೇಕಿತ್ತು ಅಂತ ಅವಳ ಪ್ರಶ್ನೆ. ಪಾಂಡಿಚೇರಿಯಲ್ಲಿ ಮಲಗಿದ್ದ ಆ ತೂರ್ನೋ ಜೊತೆ ಅಕ್ಕ ಈ ವಿಷಯದಲ್ಲಿ ಒಪ್ಪಿಯಾಳು. ಕಾರಣ ಬೇರೆ, ಅಷ್ಟೆ.

ಅದೇ ಆಜ್ಞೆಯಲ್ಲಿ ಇನ್ನೊಂದು ಕಲಂ ಇದೆ. ಮುಟ್ಟಾದ ಹೆಂಗಸರನ್ನು ಪಾಪನಿವೇದನೆಗೆ ಬರಬೇಡಿ ಅಂತ ತಡೆಯಕೂಡದು. ಅಂದರೆ ಅಲ್ಲಿಯವರೆಗೆ ಇಲ್ಲಿನ ಕ್ರೈಸ್ತರಲ್ಲೂ ಮೂರು ದಿನದ ಹೊರಗೆ ಕೂರೋದು ನಡೆಯುತ್ತಿತ್ತು, ಕಾವಿ ಉಟ್ಟ ಪಾದ್ರಿಗಳು ಅದಕ್ಕೆ ಹೂಂ ಅಂದಿದ್ದರು. ಸ್ಥಳೀಯ ಸಂಸ್ಕೃತಿಯನ್ನು ಗೌರವಿಸಿದರು ಅಂತ ನಾವು ಹೊಗಳುವ ಪಾದ್ರಿಗಳು ಗೌರವಿಸಿದ್ದರಲ್ಲಿ ಇದೂ ಒಂದು. ನಮ್ಮ ಪಾವಗಡ, ಸಿರಾ ಕಡೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿ ಮಗುವನ್ನು ಹಟ್ಟಿಯಾಚೆ ಇಡುವ ರೂಢಿ ಇನ್ನೂ ಪೂರ್ತಿ ನಿಂತಿಲ್ಲ. ಹಟ್ಟಿಯವರನ್ನು ಮಾತ್ರ ಆಡಿಕೊಳ್ಳೋದು ಬೇಡ, ನಮ್ಮ ಮನೆಯಲ್ಲೂ ಆ ಮೂರು ದಿನಕ್ಕೆ ಬೇರೆ ಚಾಪೆ, ಬೇರೆ ಲೋಟ ಇತ್ತು. ಹಾಗಾಗಿ ಈ ಕಥೆಯಲ್ಲಿ ಪೋಪರೆಲ್ಲ ಕೆಟ್ಟವರು, ಸಂಪ್ರದಾಯವೆಲ್ಲ ಒಳ್ಳೇದು ಅಂತ ಹೇಳಿ ಎದ್ದುಹೋಗೋದಕ್ಕೆ ನನಗೆ ಆಗಲ್ಲ. ಅರಿಶಿನ ಬೇಕೋ, ಗುಡ್ಲು ಬೇಕೋ, ಚಾಪೆ ಬೇಕೋ ಅಂತ ಆ ಮನೆಯ ಹೆಂಗಸರನ್ನು ಗೋವೆಯಲ್ಲೂ ಕೇಳಲಿಲ್ಲ, ಪಾಂಡಿಚೇರಿಯಲ್ಲೂ ಕೇಳಲಿಲ್ಲ, ಶ್ರೀರಂಗಪಟ್ಟಣದಲ್ಲೂ ಕೇಳಲಿಲ್ಲ.

1799ರ ನಂತರ ಮೈಸೂರು ಸೀಮೆಯ ಚದುರಿಹೋದ ಕ್ಯಾಥೊಲಿಕರನ್ನು ಒಟ್ಟು ಮಾಡಲು ಬಂದ ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ನಿಮಗೆ ಗೊತ್ತಿರಬಹುದು. ಹಿಂದೂಗಳ ಆಚಾರ ವಿಚಾರದ ಬಗ್ಗೆ ಅವನು ಬರೆದ ಹಸ್ತಪ್ರತಿಯನ್ನು 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊಂಡುಕೊಂಡಿತು. ಬ್ರಾಹ್ಮಣರ ಮನೆಯ ಮಡಿ ಮೈಲಿಗೆ, ಊಟದ ಎಲೆ, ಸ್ನಾನದ ಕ್ರಮ ಎಲ್ಲ ಅದರಲ್ಲಿ ಪುಟಗಟ್ಟಲೆ ಇದೆ. 1823ರವರೆಗೆ ಅವನು ಇಲ್ಲೇ ಇದ್ದ. ತನ್ನದೇ ಸಭೆಯ ಹೆಂಗಸರ ಒಲೆಯ ಬಗ್ಗೆ ಅಷ್ಟು ಶ್ರದ್ಧೆ ತೋರಿಸಿದ್ದರೆ ನಾನು ಹೀಗೆ ನಿಷೇಧದ ಪಟ್ಟಿಗಳನ್ನು ಹಿಡಿದು ತಡಕಾಡಬೇಕಿರಲಿಲ್ಲ.

20ನೇ ಶತಮಾನದ್ದನ್ನು ಬೇಗ ಹೇಳಿಬಿಡುತ್ತೇನೆ. ಅದರಲ್ಲಿ ಒಂದು ವಿಷಯ ಮಾತ್ರ ನಿಧಾನಕ್ಕೆ. 1950ರ ದಶಕದವರೆಗೆ ಪರಮಪ್ರಸಾದ ತಗೋಬೇಕೆಂದರೆ ಹಿಂದಿನ ರಾತ್ರಿ ಹನ್ನೆರಡರಿಂದ ಏನೂ ತಿನ್ನುವ ಹಾಗಿಲ್ಲ, ನೀರೂ ಇಲ್ಲ. 1953ರಲ್ಲಿ ನೀರಿಗೆ ಅನುಮತಿ ಸಿಕ್ಕಿತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ಪುಸ್ತಕದಲ್ಲಿ ಇದು ಒಂದು ಸಾಲು. ಮನೆಯಲ್ಲಿ? ಭಾನುವಾರ ಬೆಳಗ್ಗೆ ನಾಲ್ಕಕ್ಕೆ ಎದ್ದು, ಆರೇಳು ಮಕ್ಕಳಿಗೆ ಸ್ನಾನ ಮಾಡಿಸಿ, ಪೂಜೆ ಮುಗಿಸಿ ಮೈಲಿಗಟ್ಟಲೆ ನಡೆದು ಬಂದ ತಕ್ಷಣ ಹೊಟ್ಟೆಗೆ ಹಾಕಲು ಪೊಳೆ, ಪದಾರ್ಥ ಮಾಡಿಟ್ಟು ಹೊರಡಬೇಕು. ಮಾಡುವಾಗ ಒಂದು ಹನಿಯೂ ನುಂಗುವ ಹಾಗಿಲ್ಲ. ಉಪ್ಪು ಸರಿಯಾಗಿದೆಯಾ ಅಂತ ನೋಡಲಿಕ್ಕಿಲ್ಲ. ಗೆಳೆಯನ ಅಜ್ಜಿ ಹೊಗೆಯ ವಾಸನೆಯಲ್ಲೇ ಉಪ್ಪಿನ ಅಂದಾಜು ಹೇಳುತ್ತಿದ್ದರಂತೆ. ನಾನು ನಂಬಲ್ಲ, ಆದರೆ ಅವರ ಮನೆಯವರೆಲ್ಲ ನಂಬುತ್ತಾರೆ.

1962ರಿಂದ 65ರವರೆಗೆ ನಡೆದ ಎರಡನೇ ವ್ಯಾಟಿಕನ್ ಮಹಾಸಭೆ ಎಲ್ಲ ತಿರುಗಿಸಿತು. ಲ್ಯಾಟಿನ್ ಹೋಗಿ ಕನ್ನಡದಲ್ಲಿ, ಕೊಂಕಣಿಯಲ್ಲಿ ಪೂಜೆ ಬಂತು. ಎರಡು ಶತಮಾನ ಬೇಡ ಬೇಡ ಅಂದದ್ದನ್ನೇ ಈಗ ಸಂಸ್ಕೃತಿಯ ಸೊಗಡು ಅಂತ ಕರೆದು ಬಲಿಪೀಠದ ಪಕ್ಕ ದೀಪದ ಕಂಬ ನಿಲ್ಲಿಸಿದರು. ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಕನ್ನಡದಲ್ಲಿ ತೆನೆಹಬ್ಬ, ಅದಕ್ಕೆ ಮುಂಚಿನಿಂದಲೂ ಇದ್ದದ್ದೇ. ಮಾತೆ ಮರಿಯಳ ಹುಟ್ಟುಹಬ್ಬಕ್ಕೆ ಮಕ್ಕಳು ಒಂಬತ್ತು ದಿನ ಹೂವು ಒಯ್ಯುತ್ತಾರೆ. ಆವತ್ತು ಇಗರ್ಜಿಯಲ್ಲಿ ಭತ್ತದ ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಗೆ ತರುತ್ತಾರೆ. ಕಾಳು ಸುಲಿದು ಪುಡಿ ಮಾಡಿ ಹಾಲಿಗೋ ಪಾಯಸಕ್ಕೋ ಹಾಕಿ ಮೊದಲು ಎಲ್ಲರಿಗೂ ಒಂದೊಂದು ಗುಟುಕು, ಆಮೇಲೆ ಬಾಳೆಲೆಯಲ್ಲಿ ಪೂರ್ತಿ ಸಸ್ಯಾಹಾರದ ಊಟ. ಪದಾರ್ಥಗಳ ಲೆಕ್ಕ ಬೆಸ ಇರಬೇಕು, ಐದೋ ಏಳೋ. ಆ ದಿನ ಅವರ ಮನೆಗೆ ಹೋದವರು ಯಾರ ಮನೆಗೆ ಬಂದೆವು ಅಂತ ಒಂದು ಗಳಿಗೆ ಗೊಂದಲಕ್ಕೆ ಬೀಳಬೇಕು. ಕ್ರಿಸ್ಮಸ್ ಹತ್ತಿರ ಬಂದರೆ ಕುಸ್ವಾರ್ ಅನ್ನೋ ತಿಂಡಿಗಳ ರಾಶಿ. ಅದರಲ್ಲಿ ನೆವ್ರಿ ಅಂದರೆ ನಮ್ಮ ಕರ್ಜಿಕಾಯಿಯೇ. ಬೆಂಗಳೂರಿನಲ್ಲಿ ಕುಸ್ವಾರ್ ಈಗ ಆನ್‌ಲೈನ್ ಸಿಗುತ್ತೆ. ಕಾಲು ಕೇಜಿ ಡಬ್ಬಿಯ ರೇಟು ನೋಡಿದರೆ, ಅಮ್ಮಂದಿರು ಇಷ್ಟು ವರ್ಷ ಪುಕ್ಕಟೆ ಮಾಡಿದ ಕೆಲಸಕ್ಕೆ ಎಷ್ಟು ಬಾಕಿ ಇದೆ ಅಂತ ಲೆಕ್ಕ ಹಾಕಬಹುದು.

ಕಳೆದ ವರ್ಷ ಅದೇ ಗೆಳೆಯ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ. ಹೆಂಡತಿ, ಎರಡು ವರ್ಷದ ಮಗಳು. ಆಫೀಸಿಗೆ ಹತ್ತಿರ ಬೇಕು ಅಂತ ಭಾನುವಾರ ಭಾನುವಾರ ನಾನೂ ಜೊತೆಗೆ ಸುತ್ತಿದೆ. ಸಂಬಳ ಎಷ್ಟು ಅಂತ ಕೇಳದ ಮಾಲೀಕರಿದ್ದರು. ಏನು ಅಡುಗೆ ಮಾಡ್ತೀರಾ ಅಂತ ಕೇಳದವರು ಕಡಿಮೆ. ಹೆಸರು ಕೇಳಿದ ಕೂಡಲೇ ಒಬ್ಬರು 'ಬೇರೆಯವರಿಗೆ ಮಾತು ಕೊಟ್ಟಾಯ್ತು' ಅಂದರು. ನಾಲ್ಕು ದಿನ ಬಿಟ್ಟು ನಾನೊಬ್ಬನೇ ಫೋನ್ ಮಾಡಿದರೆ ಮನೆ ಖಾಲಿಯೇ ಇತ್ತು. ಇನ್ನೊಬ್ಬರು ಒಳ್ಳೆಯ ಮಾತಿನವರು, ಕಾಫಿ ಕೊಟ್ಟು ಕೇಳಿದರು, 'ಮೊಟ್ಟೆ ಪರವಾಗಿಲ್ಲ. ಬೇರೆ ಏನೂ ಮಾಡಲ್ಲ ತಾನೇ?' ನಾನೂ ಮಾಂಸ ತಿನ್ನುವವನೇ. ಆದರೆ ಪಾವಗಡ ಅಂದ ತಕ್ಷಣ ಎಲ್ಲರೂ ಶನಿಮಹಾತ್ಮನ ದೇವಸ್ಥಾನದ ಬಗ್ಗೆ ಕೇಳುತ್ತಾರೆ, ನನ್ನ ಪಾತ್ರೆಯ ಬಗ್ಗೆ ಯಾರೂ ಕೇಳಿಲ್ಲ.

ಕೊನೆಗೆ ಒಂದು ಮನೆ ಸಿಕ್ಕಿತು. ಮಾಲೀಕರು ಮೇಲಿನ ಮಹಡಿಯಲ್ಲೇ ಇದ್ದಾರೆ, ಕೇಳಿದ್ದಕ್ಕೆ ಇವನು 'ಅಪರೂಪಕ್ಕೆ' ಅಂದಿದ್ದಾನೆ. ಅವನ ಅಮ್ಮ ಊರಿಂದ ಬಾಫತ್ ಪುಡಿ ಕಳಿಸುತ್ತಾರೆ, ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮೇಲೊಂದು ಡಬ್ಬಿ, ವಾಸನೆ ಬರಬಾರದು ನೋಡಿ. ಭಾನುವಾರ ಪೂಜೆ ಮುಗಿಸಿ ಬಂದು ಅವನ ಹೆಂಡತಿ ಒಲೆ ಹಚ್ಚುವಾಗ ಅಮ್ಮ ವಿಡಿಯೋ ಕಾಲಿನಲ್ಲಿ ಇರುತ್ತಾರೆ, ಈರುಳ್ಳಿ ಇನ್ನೂ ಸ್ವಲ್ಪ ಬಾಡಲಿ, ಈಗ ವಿನೆಗರ್, ಈಗ ಉಪ್ಪು ಅಂತ. ಅಷ್ಟು ಹೊತ್ತಿಗೆ ಇವನು ಎದ್ದು ಹೋಗಿ ಅಡುಗೆಮನೆಯ ಕಿಟಕಿ ಹಾಕಿರುತ್ತಾನೆ.